ಅಳತೆ ಮೀರಿದ ಹಾಸಿಗೆ

ಊರಿಗೆಲ್ಲ ಹಾಸಿಗೆ ಹೊಲಿದು ಕೊಟ್ಟು ತಾನು ಮಾತ್ರ ಬರಿಯ ಕಲ್ಲುನೆಲದ ಮೇಲೆ ಮಲಗುತ್ತಿದ್ದ ಮನುಷ್ಯನೊಬ್ಬ ನಮ್ಮ ಬೀದಿಯಲ್ಲಿದ್ದ. ಅವನ ಕಥೆಯನ್ನು ಬೇರೆಯವರು ಹೇಳಿದರೆ ಕೈಕಾಲು ಸೇರಿಸುತ್ತಾರೆ, ಕೆಲವರು ಬಾಲವನ್ನೂ ಸೇರಿಸುತ್ತಾರೆ. ನಾನು ಅವನ ಪಕ್ಕದ ಅಂಗಡಿಯಲ್ಲಿ ಆಯುಷ್ಯವೆಲ್ಲ ಮಂಚ ಮಾಡಿದವನು. ಅವನ ಹಾಸಿಗೆಗೆ ನನ್ನ ಮಂಚ, ನನ್ನ ಮಂಚಕ್ಕೆ ಅವನ ಹಾಸಿಗೆ. ನಡುವೆ ಒಂದೇ ಗೋಡೆ, ಆ ಗೋಡೆಗೂ ಒಂದು ಕಿಂಡಿ. ಭಾನುವಾರ ಚರ್ಚಿನಲ್ಲಿ ಕೂರುತ್ತಿದ್ದುದೂ ಒಂದೇ ಬೆಂಚಿನಲ್ಲಿ, ಅದೂ ನಾನು ಮಾಡಿದ ಬೆಂಚು. ಹಾಗಾಗಿ ಈ ಕಥೆ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ನನಗಿದೆ.

ಅವನನ್ನು ಎಲ್ಲರೂ ಹತ್ತಿಯಣ್ಣ ಎನ್ನುತ್ತಿದ್ದರು. ನನಗಿಂತ ಚಿಕ್ಕವನಾದರೂ ನಾನೂ ಹಾಗೆಯೇ ಕರೆಯುತ್ತಿದ್ದೆ. ಆಳು ಉದ್ದ; ಅಂಗಡಿಯ ಬಾಗಿಲಿಗೆ ತಲೆ ಬಗ್ಗಿಸದೆ ಒಳಗೆ ಹೋದದ್ದಿಲ್ಲ. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ, ಮೀಸೆಯ ತುದಿಯಲ್ಲಿ ಸದಾ ಹತ್ತಿಯ ಎಳೆ. ಹರೆಯದಲ್ಲೇ ಮುದುಕನಂತೆ ಕಾಣುತ್ತಿದ್ದ, ಆಮೇಲೆ ನಿಜವಾಗಿ ಮುದುಕನಾದಾಗ ಯಾರಿಗೂ ಗೊತ್ತಾಗಲಿಲ್ಲ. ಅವನ ಹೆಂಡತಿ ಅಷ್ಟೇ ಗಿಡ್ಡ, ಅಷ್ಟೇ ಚುರುಕು. ನಾಲಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತಿದ್ದುದರಿಂದ ಅವಳಿಗೆ ಸೂಜಿಯಕ್ಕ ಎಂಬ ಹೆಸರು. ಹತ್ತಿಗೆ ಸೂಜಿ ಜೊತೆಯಾದ ಸಂಸಾರ, ಹೊಲಿಗೆ ಗಟ್ಟಿಯಾಗಿತ್ತು.

ಹತ್ತಿಯಣ್ಣನ ಕೆಲಸವನ್ನು ನಿಂತು ನೋಡಬೇಕಿತ್ತು. ಗಂಟುಗಂಟಾಗಿ, ಕಲ್ಲಿನಂತಾಗಿ, ಬೆವರು ಕುಡಿದು ಹಳದಿಯಾದ ಹಾಸಿಗೆಗಳು ಅವನ ಬಾಗಿಲಿಗೆ ಬರುತ್ತಿದ್ದವು. ತಂದವರು ನಾಚಿಕೆಯಿಂದ, ಬಹಳ ಹಳೇದು, ಬಿಸಾಕೋದೇ ಒಳ್ಳೇದೇನೋ ಎನ್ನುತ್ತಿದ್ದರು. ಅವನು ಹೊಲಿಗೆ ಬಿಚ್ಚಿ, ಒಳಗಿನ ಅರಳೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ, ಹಳೇ ಅರಳೆ ಅಂತ ಯಾವುದೂ ಇಲ್ಲ, ಹಿಂಜದೇ ಇರೋ ಅರಳೆ ಅಷ್ಟೇ ಎಂದು ಹೇಳಿ ಹಿಂಜುವ ಯಂತ್ರದ ಬಾಯಿಗೆ ಕೊಡುತ್ತಿದ್ದ. ಆ ಕಡೆಯಿಂದ ಅದು ಮೋಡವಾಗಿ ಬರುತ್ತಿತ್ತು. ಆಮೇಲೆ ಗೆರೆಗೆರೆಯ ದಪ್ಪ ಬಟ್ಟೆಯ ಚೀಲಕ್ಕೆ ತುಂಬಿ, ಬೆತ್ತದಿಂದ ಬಡಿದು ಸಮ ಮಾಡಿ, ಮೊಳದುದ್ದದ ಸೂಜಿಯನ್ನು ಮೇಲಿಂದ ಕೆಳಕ್ಕೆ ಹಾಯಿಸಿ ಗಂಟು ಹಾಕುತ್ತಿದ್ದ. ಅಂಚು ಮಡಿಸಿ ಹೊಲಿಯುವಾಗ ಮಾತ್ರ ಮಾತಾಡುತ್ತಿರಲಿಲ್ಲ. ಅಂಚು ಕೆಟ್ಟರೆ ಹಾಸಿಗೆ ಕೆಟ್ಟಂತೆ ಎಂಬುದು ಅವನ ಶಾಸ್ತ್ರ.

ಹೊಲಿದಾದ ಮೇಲೆ ಅವನದೊಂದು ಕ್ರಮವಿತ್ತು. ಗಿರಾಕಿಯು ಅಂಗಡಿಯಲ್ಲೇ, ಎಲ್ಲರ ಎದುರಿಗೇ, ಆ ಹಾಸಿಗೆಯ ಮೇಲೆ ಮಲಗಿ ನೋಡಬೇಕು. ಕೈಯಿಂದ ಒತ್ತಿ ನೋಡಿ ಸರಿ ಎಂದರೆ ಹಾಸಿಗೆ ಕೊಡುತ್ತಿರಲಿಲ್ಲ. ಬೀದಿಗೆ ಕಾಣುವಂತೆ ಮಲಗುವುದೆಂದರೆ ಯಾರಿಗೆ ತಾನೇ ಸಂಕೋಚವಿಲ್ಲ? ಬಂದವರು ಮಲಗುತ್ತಿದ್ದರು, ಆದರೆ ಒಂದು ಕಾಲು ನೆಲದ ಮೇಲೆ, ಒಂದು ಕೈ ಅಂಚಿನ ಮೇಲೆ, ಕುತ್ತಿಗೆ ಹಾಸಿಗೆಯಿಂದ ನಾಲ್ಕು ಬೆರಳು ಮೇಲೆ. ಫೋಟೊ ತೆಗೆಸಿಕೊಳ್ಳಲು ಮಲಗಿದ ಹಾಗೆ. ಆಗ ಇವನು ಹೋಗಿ ಅವರ ಕುತ್ತಿಗೆಯ ಕೆಳಗೆ ಅಂಗೈ ಇಟ್ಟು ಮೆತ್ತಗೆ ಹೇಳುತ್ತಿದ್ದ:

"ನೀವಿನ್ನೂ ನಿಮ್ಮನ್ನ ಹೊತ್ಕೊಂಡಿದ್ದೀರಿ. ಬಿಡಿ. ಅದು ಹೊರುತ್ತೆ."

ನಿಜ ಹೇಳುತ್ತೇನೆ, ಆ ಮಾತಿಗೆ ದೊಡ್ಡ ದೊಡ್ಡ ಕುಳಗಳು ಕರಗಿದ್ದನ್ನು ಕಿಂಡಿಯಿಂದ ನೋಡಿದ್ದೇನೆ. ತಲೆ ಕೆಳಗಿಳಿದು, ಭುಜ ಇಳಿದು, ಬಾಯಿ ಅರೆ ತೆರೆದು, ಪೊಲೀಸಿನವನೊಬ್ಬ ಅಲ್ಲೇ ಗೊರಕೆ ಹೊಡೆದ. ಅವನ ಟೋಪಿಯನ್ನು ಸೂಜಿಯಕ್ಕ ಮೊಳೆಗೆ ತೂಗು ಹಾಕಿ, ಎಬ್ಬಿಸಬೇಡಿ, ಕಳ್ಳರಿಗೂ ಒಂದು ಗಂಟೆ ರಜೆ ಸಿಗಲಿ ಎಂದಳು.

ಇಂಥವನು ನೆಲದ ಮೇಲೆ ಮಲಗುತ್ತಾನೆ ಎಂದರೆ ಜನ ಸುಮ್ಮನಿರುತ್ತಾರೆಯೇ? ಅಂಗಡಿಯ ಹಿಂದಿನ ಕೋಣೆಯಲ್ಲಿ ಸೂಜಿಯಕ್ಕನಿಗೆ ನನ್ನ ಕೈಯ ಮಂಚ, ಅವನ ಕೈಯ ಹಾಸಿಗೆ. ಇವನಿಗೆ ಮಂಚದ ಪಕ್ಕದ ಕಲ್ಲುಚಪ್ಪಡಿ, ತಲೆಗೆ ಮಡಿಸಿದ ತೋಳು. ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಗೋಡೆ ನಡುಗಿಸುತ್ತಿದ್ದ. ಕೇಳಿದವರಿಗೆಲ್ಲ, ಇಡೀ ದಿನ ಮೆತ್ತನೆಯದು ಮುಟ್ಟಿದ ಕೈಗೆ ಸಂಜೆ ಗಟ್ಟಿ ಬೇಕು ಅನ್ನಿಸುತ್ತೆ ಎಂದು ನಗಿಸಿ ಕಳಿಸುತ್ತಿದ್ದ. ಸ್ವಂತ ಹಾಸಿಗೆಯ ಮೇಲೆ ನಂಬಿಕೆ ಇಲ್ಲದ ಅಂಗಡಿಯವನು ಎಂದು ಹಂಗಿಸಿದವರೂ ಉಂಟು. ಅದಕ್ಕೂ ನಕ್ಕ. ಮಗಳಿಗೂ ಅಷ್ಟೇ ಗೊತ್ತಿತ್ತು: ಅಪ್ಪನಿಗೆ ನೆಲ ಇಷ್ಟ.

ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದುದಕ್ಕೆ ಗುಬ್ಬಿ ಎಂದು ಕರೆದದ್ದು, ಬೆಳೆದು ಅಪ್ಪನಂತೆ ಉದ್ದವಾದ ಮೇಲೂ ಗುಬ್ಬಿಯೇ. ಗಂಡುಮಕ್ಕಳ ಕೆಲಸ ಎಂದು ಬೀದಿ ಮೂಗು ಮುರಿದರೂ ಅವಳು ಹಾಸಿಗೆ ಹೊಲಿಗೆ ಕಲಿತಳು. ಅವಳು ಮಡಿಸಿದ ಅಂಚನ್ನು ಬೆರಳಿನಿಂದ ಸವರಿ ಹತ್ತಿಯಣ್ಣ ಏನೂ ಹೇಳದೆ ಮುಂದೆ ಹೋದರೆ ಅದೇ ಅವಳಿಗೆ ಪದಕ. ಮದುವೆಯಾಗಿ ಎದುರು ಸಾಲಿನಲ್ಲೇ ಮನೆ ಮಾಡಿದಳು. ಅಳಿಯ ಹಾಸಿಗೆ ಸಾಗಿಸುವ ಗಾಡಿ ಓಡಿಸುತ್ತಿದ್ದ.

ಇನ್ನೊಂದು ಮಾತು ಹೇಳದಿದ್ದರೆ ಅವನಿಗೆ ಅನ್ಯಾಯ. ಪ್ರತಿ ಚಳಿಗಾಲದ ಮೊದಲು ಹತ್ತಿಯಣ್ಣ ಒಂದಿಷ್ಟು ಹಾಸಿಗೆ ಹೊಲಿದು, ಇಲ್ಲದವರ ಮನೆ ಬಾಗಿಲಿಗೆ ತಾನೇ ಹೊತ್ತುಕೊಂಡು ಹೋಗಿ ಇಟ್ಟು ಬರುತ್ತಿದ್ದ. ಕೈಮುಗಿದರೆ ಹೆದರಿದವನಂತೆ ಓಡಿ ಬರುತ್ತಿದ್ದ. ದೊಡ್ಡತನ ಎಂದು ನಾವು ತಿಳಿದಿದ್ದೆವು. ದೊಡ್ಡತನ ಹೌದು, ಆದರೆ ಅದರೊಳಗೆ ಹೆದರಿಕೆಯೂ ಇತ್ತೆಂದು ತಿಳಿದದ್ದು ಅವನು ಬಿದ್ದ ಮೇಲೆ.

ಬಿದ್ದದ್ದು ಅಟ್ಟದ ಏಣಿಯಿಂದ. ಮೇಲಿಂದ ಬಟ್ಟೆಯ ಸುರುಳಿ ಇಳಿಸುತ್ತಿದ್ದಾಗ ಮೆಟ್ಟಿಲಿನಿಂದ ಕಾಲು ಜಾರಿತು. ಬಲಕ್ಕೆ ಆಳೆತ್ತರ ಹಿಂಜಿದ ಅರಳೆಯ ರಾಶಿ, ಎಡಕ್ಕೆ ಕಲ್ಲುನೆಲ. ನಮ್ಮವನು ಎಡಕ್ಕೆ ಬಿದ್ದ. ಸೂಜಿಯಕ್ಕ ಅಳುತ್ತಲೇ, ಬೀಳುವಾಗಲೂ ಈ ಮನುಷ್ಯನಿಗೆ ಮೆತ್ತನೆ ಜಾಗ ಕಾಣಲಿಲ್ಲವಲ್ಲ ಎಂದಳು. ಬೆನ್ನುಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮೊದಮೊದಲು ಹಲಗೆಯ ಮೇಲೆ ಮಲಗಿಸಿದರು. ಮುರಿದ ಬೆನ್ನಿಗೆ ಅದೇ ಕ್ರಮವಂತೆ. ಹಾಗಾಗಿ ಅಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ, ಅವನೂ ಸಮಾಧಾನದಲ್ಲೇ ಇದ್ದ.

ಮನೆಗೆ ತಂದ ಮೇಲೆ ಶುರುವಾಯಿತು. ಕಾಲಲ್ಲಿ ಸ್ವಲ್ಪ ಸ್ವಲ್ಪವೇ ಜೀವ ಬರುತ್ತಿತ್ತು, ಆದರೆ ತೋಳು ಊರಿ ಎಳೆದುಕೊಳ್ಳದೆ ಹೊರಳಲು ಆಗುತ್ತಿರಲಿಲ್ಲ. ಹಲಗೆಗೆ ಒತ್ತಿ ಒತ್ತಿ ಸೊಂಟದ ಕೆಳಗೆ ಹುಣ್ಣು ಎದ್ದಿತು. ಗಾಯ ತೊಳೆಯಲು ಬರುತ್ತಿದ್ದ ನರ್ಸಮ್ಮ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಅವತ್ತು ಕೋಣೆಯಲ್ಲಿ ಸೂಜಿಯಕ್ಕ, ಗುಬ್ಬಿ, ನಾನು ಮೂವರೂ ಇದ್ದೆವು. ನರ್ಸಮ್ಮ ಗಾಯದ ಪಟ್ಟಿ ಬಿಚ್ಚಿ ನೋಡಿ, ಇನ್ನು ಹಲಗೆ ಸಾಕು, ದಪ್ಪ ಮೆತ್ತನೆ ಹಾಸಿಗೆ ಹಾಕಿ, ಇಲ್ಲದಿದ್ದರೆ ಈ ಹುಣ್ಣು ಮೂಳೆಗೆ ಇಳಿಯುತ್ತದೆ, ಇಳಿದರೆ ನಾನು ಬರುವುದು ಬೇಡ, ಪೆಟ್ಟಿಗೆ ಮಾಡುವವರನ್ನು ಕರೆಯಿರಿ ಎಂದಳು. ಊರಿಗೆ ಶವದ ಪೆಟ್ಟಿಗೆ ಮಾಡುವವನೂ ನಾನೇ.

ಹಾಸಿಗೆ ಅಂಗಡಿಯಲ್ಲಿ ಹಾಸಿಗೆಗೆ ಬರವೇ? ಗುಬ್ಬಿ ತರಲು ಎದ್ದಳು. ಹತ್ತಿಯಣ್ಣ, ಬೇಡ ಎಂದ. ಅವಳು ನಕ್ಕಳು. ಅವನು ಮತ್ತೆ ಬೇಡ ಎಂದ. ಆ ಬೇಡದಲ್ಲಿ ನಗು ಇರಲಿಲ್ಲ. ಮೇಲಿಟ್ಟರೆ ಉರುಳಿ ಕೆಳಗೆ ಬೀಳುತ್ತೇನೆ, ಆಣೆ ಎಂದ. ಆಗ ಸೂಜಿಯಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದು ಸಾಕು ಎಂದು ಎಲ್ಲವನ್ನೂ ಹೇಳಿದಳು.

ಗುಬ್ಬಿ ತೊಟ್ಟಿಲ ಕೂಸಾಗಿದ್ದಾಗ ಗಂಟಲು ಕಟ್ಟಿ ಆಸ್ಪತ್ರೆ ಸೇರಿತ್ತು. ವೈದ್ಯರು ತಲೆ ಅಲ್ಲಾಡಿಸಿ ಹೋಗಿದ್ದರು. ಹತ್ತಿಯಣ್ಣ ಹೊರಗೆ ಪಡಸಾಲೆಯಲ್ಲಿ ಗೋಡೆಗೆ ಹಣೆ ಒತ್ತಿ ನಿಂತು ಹರಕೆ ಹೊತ್ತ: ಕರ್ತನೇ, ಈ ಮಗು ಉಳಿದರೆ ನನ್ನ ಬೆನ್ನು ಇನ್ನೆಂದೂ ಹಾಸಿಗೆ ಮುಟ್ಟುವುದಿಲ್ಲ. ಬಡವ, ಕೊಡಲು ಬೇರೇನಿತ್ತು? ತನ್ನ ಕೈಯಿಂದ ಹುಟ್ಟುವ ಸುಖವನ್ನೇ ಕೊಟ್ಟ. ಮಗು ಉಳಿಯಿತು. ಅಂದಿನಿಂದ ನೆಲ.

ಅವತ್ತೇ ಹೇಳಿದೆ ಇವರಿಗೆ ಎಂದು ಸೂಜಿಯಕ್ಕ ನನ್ನತ್ತ ತಿರುಗಿದಳು. ಇವರು ಹೊರಗೆ ಹಣೆ ಒತ್ತುವ ಮುಂಚೆಯೇ ಒಳಗೆ ಮಗು ಕಣ್ಣು ಬಿಟ್ಟು ಚಮಚೆಯಲ್ಲಿ ನೀರು ಕುಡಿದಿತ್ತು. ಹೇಳೋಣ ಎಂದು ನಾನು ಓಡಿ ಬಂದರೆ ಈ ಮಹಾರಾಯ ಆಗ ಹರಕೆ ಹೊರುತ್ತಿದ್ದಾರೆ. ದೇವರು ಕೊಟ್ಟಾಗಿತ್ತು, ಇವರು ಆಮೇಲೆ ಕೇಳಿದ್ದು ಎಂದಳು.

ನೆಲದ ಮೇಲಿನ ಹಲಗೆಯಿಂದ ಹತ್ತಿಯಣ್ಣ ಹೇಳಿದ: "ನಾನು ಹರಕೆ ಹೊರ್ತೀನಿ ಅಂತ ದೇವರಿಗೆ ಮುಂಚೇನೇ ಗೊತ್ತಿತ್ತು ಕಣೇ. ಅದಕ್ಕೇ ಮುಂಚೇನೇ ಕೊಟ್ಟ."

ಇಂಥವನೊಂದಿಗೆ ವಾದ ಮಾಡುವುದು ಹೇಗೆ? ಅದರ ಮೇಲೆ ಗುಬ್ಬಿ ಆಗ ಬಸುರಿ, ದಿನ ತುಂಬುತ್ತಾ ಬಂದಿತ್ತು. ಅವಳು ಎರಡು ಜೀವವಾಗಿರುವ ಹೊತ್ತಿನಲ್ಲಿ ಕೊಟ್ಟ ಮಾತು ಮುರಿದರೆ ದೇವರು ತನ್ನದನ್ನು ತಾನು ವಾಪಸು ತೆಗೆದುಕೊಳ್ಳುತ್ತಾನೆ ಎಂಬುದು ಅವನ ಭಯ. ತಾನು ಸತ್ತರೆ ಸಾಯಲಿ, ಮಗಳು ಉಳಿಯಲಿ. ಹುಣ್ಣನ್ನೂ ಹರಕೆಗೆ ಸೇರಿಸಿಕೊಂಡುಬಿಟ್ಟಿದ್ದ.

ನಾನು ನಮ್ಮ ಚರ್ಚಿನ ಸಭಾಪಾಲಕರನ್ನು ಕರೆತಂದೆ. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನಮಗಿಂತ ಬಹಳ ಸಣ್ಣವರು. ಕುರ್ಚಿ ಕೊಟ್ಟರೂ ಕೂರದೆ ಹಲಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಕೃಪೆ ಎಂದರೆ ದೇವರು ಸುಮ್ಮನೆ ಕೊಡುವುದು, ಅದಕ್ಕೆ ನಾವು ಏನೂ ಸೇರಿಸುವಂತಿಲ್ಲ, ಸೇರಿಸಿದರೆ ಅದು ಕೃಪೆಯೇ ಅಲ್ಲ ಎಂದು ವಿವರಿಸಿದರು. ಹತ್ತಿಯಣ್ಣ ಎಲ್ಲದಕ್ಕೂ ಹೌದು ಹೌದು ಎಂದ. ಭಾನುವಾರವೂ ಹಾಗೆಯೇ ಎನ್ನುತ್ತಿದ್ದವನು. ಕಡೆಗೆ ಅವರು ಒಂದು ಮಾತು ಹೇಳಿದರು, ಅದು ಮಾತ್ರ ನನಗೆ ಹಿಡಿಸಿತು.

"ಅಣ್ಣಾ, ನಮಗೋಸ್ಕರ ಕೊಡಬೇಕಾದ್ದನ್ನೆಲ್ಲ ಯೇಸು ಶಿಲುಬೆ ಮೇಲೆ ಕೊಟ್ಟಾಯ್ತು, ಆ ಕೆಲಸ ಮುಗಿದುಹೋಯ್ತು. ಅಂಚು ಮಡಿಸಿ ಗಂಟು ಹಾಕಿ ಆಯ್ತು. ಮುಗಿದ ಹಾಸಿಗೆಗೆ ನೀವಿನ್ನೂ ಸೂಜಿ ಹಾಕ್ತಾನೇ ಇದ್ದೀರಿ. ಹಾಗೆ ಹಾಕಿದ್ರೆ ಹಾಸಿಗೆಗೆ ಏನಾಗುತ್ತೆ ಹೇಳಿ?"

"ತೂತು ಬೀಳುತ್ತೆ" ಎಂದ ಹತ್ತಿಯಣ್ಣ. ಆಮೇಲೆ ಕಣ್ಣು ಮುಚ್ಚಿಕೊಂಡು, "ಅದೆಲ್ಲ ಸರಿ ಅಯ್ಯನವರೇ. ನಿಮಗೆ ಮಗಳಾದ್ಮೇಲೆ ಬನ್ನಿ, ಮಾತಾಡೋಣ" ಎಂದ.

ಸಭಾಪಾಲಕರು ಬೇಸರಪಟ್ಟುಕೊಳ್ಳಲಿಲ್ಲ. ಹೋಗುವಾಗ ನನ್ನ ಅಂಗಡಿಯ ಮುಂದೆ ನಿಂತು, ಇವರಷ್ಟು ಪ್ರೀತಿ ನನಗಿದ್ದಿದ್ದರೆ ನಾನೂ ಇದೇ ತಪ್ಪು ಮಾಡುತ್ತಿದ್ದೆನೇನೋ ಎಂದರು. ಅವರ ಬಗ್ಗೆ ನನ್ನ ಗೌರವ ಅಂದಿನಿಂದ ಒಂದು ಗೇಣು ಹೆಚ್ಚಿತು.

ಇಷ್ಟೆಲ್ಲ ನಡೆಯುವಾಗ ಗುಬ್ಬಿ ಎಲ್ಲಿದ್ದಳು? ತಾಯಿಯ ಮಾತು ಕೇಳಿದವಳು ಅಳಲಿಲ್ಲ, ಕೂಗಲಿಲ್ಲ. ಅಂಗಡಿಗೆ ಹೋಗಿ ಅರಳೆ ಹಿಂಜತೊಡಗಿದಳು. ಆ ಹೊಟ್ಟೆ ಹೊತ್ತುಕೊಂಡು ಯಂತ್ರದ ಮುಂದೆ ನಿಂತವಳನ್ನು ಕಂಡು ಬೈಯೋಣವೆಂದು ಹೋದರೆ, ನನಗೇ ಕೆಲಸ ಹೇಳಿದಳು. ಒಂದು ಮಂಚ ಬೇಕು ದೊಡ್ಡಪ್ಪಾ ಎಂದು ಅಳತೆ ಕೊಟ್ಟಳು. ಅಳತೆ ಕೇಳಿ ನನಗೆ ನಗು ಬಂತು. ಹತ್ತಿಯಣ್ಣ ಎಷ್ಟೇ ಉದ್ದವಿರಲಿ, ಅದು ಅವನ ಅಳತೆಗಿಂತಲೂ ಉದ್ದ. ಆ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಆಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಕಟ್ಟಿದವರು ಸುಮ್ಮನೆ ಕಟ್ಟಿದರೇ, ಅಳತೆ ತಪ್ಪಿದೆ ಮಗಳೇ ಎಂದೆ.

"ತಪ್ಪಿಲ್ಲ ದೊಡ್ಡಪ್ಪಾ. ಅಪ್ಪ ಆಯುಷ್ಯಪೂರ್ತಿ ಮುದುರಿಕೊಂಡೇ ಮಲಗಿದ್ದಾನೆ. ಈ ಸಲ ಕಾಲು ಚಾಚಿದ್ಮೇಲೂ ಹಾಸಿಗೆ ಉಳೀಬೇಕು."

ನನ್ನ ಕೆಲಸದಲ್ಲಿ ಯಾರೂ ನನಗೆ ಅಳತೆ ಹೇಳಿಕೊಟ್ಟದ್ದಿಲ್ಲ. ಅವತ್ತು ಬಾಯಿ ಮುಚ್ಚಿಕೊಂಡು ಗರಗಸ ಹಿಡಿದೆ.

ಮಂಚ ಇಟ್ಟು, ಹಾಸಿಗೆ ಹಾಸಿ ಆಯಿತು. ಅಂಥ ಹಾಸಿಗೆಯನ್ನು ನಾನು ಹಿಂದೆ ಕಂಡಿಲ್ಲ, ಮುಂದೆ ಕಾಣುವ ಆಸೆಯೂ ಇಲ್ಲ. ಅಂಚು ಅಳತೆಕೋಲು ಹಿಡಿದು ಗೆರೆ ಎಳೆದಂತೆ. ಮೇಲೆ ಕೈಯಿಟ್ಟರೆ ಕೈ ತನ್ನಷ್ಟಕ್ಕೆ ತಾನೇ ಭಾರವಾಗುತ್ತಿತ್ತು. ಗುಬ್ಬಿ ಅಪ್ಪನ ಹಲಗೆಯ ಪಕ್ಕದಲ್ಲಿ ಕಷ್ಟಪಟ್ಟು ಕೂತಳು. ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ, ಅವನಿಗೆ ಏಳಲು ಆಗುತ್ತಿರಲಿಲ್ಲ. ಇಬ್ಬರೂ ಛಾವಣಿ ನೋಡುತ್ತಾ ಮಾತಾಡಿದರು.

"ಅಪ್ಪಾ, ಒಂದು ಕೇಳ್ತೀನಿ, ನಿಜ ಹೇಳು. ಇಷ್ಟು ವರ್ಷ ನಾನು ಬದುಕಿದ್ದು ದೇವರ ಕೈಯಲ್ಲೋ, ನಿನ್ನ ಬೆನ್ನ ಮೇಲೋ?"

"ದೇವರ ಕೈಯಲ್ಲೇ ಮಗಳೇ" ಎಂದ.

"ಹಾಗಾದ್ರೆ ಆ ಕೈಯಿಂದ ನನ್ನನ್ನ ಯಾಕೆ ಎಳ್ಕೊಂಡಿದ್ದೀಯ? ಈ ಹುಣ್ಣಲ್ಲಿ ನೀನು ಹೋದೆ ಅನ್ನು. ಆಮೇಲೆ ನನ್ನ ಜೀವಕ್ಕೆ ಯಾರ ಬೆನ್ನು ಹುಡುಕಲಿ? ನಾಳೆ ಈ ಕೂಸಿಗೆ ಜ್ವರ ಬಂದ್ರೆ ನಾನು ಯಾವ ನೆಲದ ಮೇಲೆ ಮಲಗಲಿ? ನಿನ್ನಿಂದ ನಾನು ಇದನ್ನೇ ಕಲೀಬೇಕಾ?"

ಸೂಜಿಯಕ್ಕ ಬಾಗಿಲಲ್ಲಿ ನಿಂತಿದ್ದಳು, ಬಾಯಿಂದ ಒಂದು ಮಾತು ಹೊರಡಲಿಲ್ಲ. ಅದೇ ಒಂದು ಆಶ್ಚರ್ಯ. ಹತ್ತಿಯಣ್ಣನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಡೆಗೆ ಗದ್ದ ಮಾತ್ರ ಅಲ್ಲಾಡಿಸಿದ. ಅದನ್ನೇ ಒಪ್ಪಿಗೆ ಎಂದುಕೊಂಡು, ಎತ್ತಲೆಂದು ಸೇರಿದ್ದ ಅಳಿಯ, ಸಭಾಪಾಲಕರು, ನರ್ಸಮ್ಮ, ನಾನು, ನಾಲ್ವರೂ ದುಪ್ಪಟಿಯ ನಾಲ್ಕು ಮೂಲೆ ಹಿಡಿದು ಎತ್ತಿ ಹಾಸಿಗೆಯ ಮೇಲೆ ಇಳಿಸಿದೆವು.

ಇಳಿಸಿದರೆ ಏನು? ಮರದ ದಿಮ್ಮಿಯಂತೆ ಬಿಗಿದುಕೊಂಡಿದ್ದ. ಕುತ್ತಿಗೆ ಹಾಸಿಗೆಯಿಂದ ನಾಲ್ಕು ಬೆರಳು ಮೇಲೆ. ನಮ್ಮ ಬೀದಿಯಲ್ಲಿ ಅವನ ಗಿರಾಕಿಗಳೆಲ್ಲ ಹೇಗೆ ಮಲಗುತ್ತಿದ್ದರೋ ಥೇಟ್ ಹಾಗೆಯೇ. ಗುಬ್ಬಿ ಅವನ ಕುತ್ತಿಗೆಯ ಕೆಳಗೆ ಅಂಗೈ ಇಟ್ಟಳು.

"ಅಪ್ಪಾ, ನೀನಿನ್ನೂ ನಿನ್ನನ್ನ ಹೊತ್ಕೊಂಡಿದ್ದೀಯ. ಬಿಡು. ಅದು ಹೊರುತ್ತೆ."

ತನ್ನ ಮಾತು ತನಗೇ ಬಂದಾಗ ಅವನಿಗೆ ನಗು ಬಂತು. ನಗುವಾಗ ಕುತ್ತಿಗೆ ತಾನಾಗಿ ಇಳಿಯಿತು, ಭುಜ ಇಳಿಯಿತು. ಎಲ್ಲರೂ ಉಸಿರು ಬಿಟ್ಟರು. ನಾನೊಬ್ಬ ಬಿಡಲಿಲ್ಲ. ಮಂಚ ನನ್ನದಲ್ಲವೇ, ನನ್ನ ಕಣ್ಣು ಮಂಚದ ಮೇಲೆಯೇ. ಅವನ ಬಲಗೈ ಮಂಚದ ಪಕ್ಕದ ಮರದ ಪಟ್ಟಿಯನ್ನು ಬಿಗಿಯಾಗಿ ಹಿಡಿದೇ ಇತ್ತು.

ಆ ವಾರ ಪೂರ್ತಿ ಆ ಕೈ ಬಿಡಲಿಲ್ಲ. ಉಣ್ಣುವಾಗ ಎಡಗೈ, ನಿದ್ದೆಯಲ್ಲೂ ಬಲಗೈ ಪಟ್ಟಿಯ ಮೇಲೆ. ಕೆಳಗೆ ಇಳಿಯುವ ದಾರಿಯನ್ನು ತೆರೆದಿಟ್ಟುಕೊಂಡವನಂತೆ.

ಅಷ್ಟರಲ್ಲಿ ಹೆದರಿದ್ದೇ ಎದುರಿಗೆ ಬಂತು. ಒಂದು ಮಧ್ಯಾಹ್ನ ಅಳಿಯ ಓಡಿ ಬಂದ. ಗುಬ್ಬಿಗೆ ಬೆಳಗಿನಿಂದ ಮೈ ಕೆಂಡದಂತೆ ಜ್ವರ, ಎಚ್ಚರ ತಪ್ಪಿದಂತಿದ್ದಾಳೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಅತ್ತೆ ಬರಬೇಕು ಎಂದ. ಸೂಜಿಯಕ್ಕ ಹಾಗೇ ಚಪ್ಪಲಿಯನ್ನೂ ಮರೆತು ಗಾಡಿ ಹತ್ತಿದಳು. ಹತ್ತಿಯಣ್ಣನ ಹತ್ತಿರ ನಾನೊಬ್ಬನೇ ಉಳಿದೆ.

"ಇಳಿಸು" ಎಂದ ನನಗೆ.

ಒಬ್ಬನೇ ಎತ್ತಲು ನನ್ನಿಂದ ಆಗದು ಎಂದೆ. ಹಾಗಾದರೆ ಉರುಳುತ್ತೇನೆ ಎಂದ. ಬೈಯುವುದಾ, ಬೇಡುವುದಾ, ತಿಳಿಯಲಿಲ್ಲ. ನನಗೆ ತಿಳಿದದ್ದು ಮರದ ಕೆಲಸ. ಈ ಕೆಲಸಕ್ಕೆ ನನ್ನಲ್ಲಿ ಯಾವ ಉಳಿಯೂ ಇರಲಿಲ್ಲ. ಸ್ಟೂಲನ್ನು ಮಂಚಕ್ಕೆ ತಾಗಿಸಿ ಕೂತು, ಉರುಳಿದರೆ ನನ್ನ ಮೇಲೆ ಉರುಳು, ನಾನೂ ಗಟ್ಟಿಯಾಗಿಯೇ ಇದ್ದೇನೆ, ನೆಲಕ್ಕಿಂತ ಕಡಿಮೆ ಏನಿಲ್ಲ ಎಂದೆ. ಅವನು ನಗಲಿಲ್ಲ.

ಆ ಮಧ್ಯಾಹ್ನ ಎಷ್ಟು ಉದ್ದವಿತ್ತೆಂದು ಹೇಳಲಾರೆ. ಅಂಗಡಿಯಲ್ಲಿ ಯಂತ್ರ ನಿಂತಿತ್ತು. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಏರುತ್ತಿದ್ದವು, ಇಳಿಯುತ್ತಿದ್ದವು, ಅವಕ್ಕೆ ಯಾವ ಅವಸರವೂ ಇರಲಿಲ್ಲ. ಪಟ್ಟಿ ಹಿಡಿದ ಅವನ ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದವು. ಒಮ್ಮೆ ಮೈಯನ್ನು ಅಂಚಿನವರೆಗೆ ಎಳೆದುಕೊಂಡ. ನಾನು ತೋಳು ಚಾಚಿದೆ. ಅಲ್ಲಿಗೇ ನಿಲ್ಲಿಸಿದ.

"ಇಳಿಯೋದು ಸುಲಭ ಕಣೋ" ಎಂದ ಛಾವಣಿ ನೋಡುತ್ತಾ. "ಕೆಳಗಿದ್ರೆ ಅವಳಿಗೋಸ್ಕರ ಏನೋ ಮಾಡ್ತಾ ಇದ್ದೀನಿ ಅನ್ಸುತ್ತೆ. ಇಲ್ಲಿ ಮಲಗಿದ್ರೆ ಏನೂ ಮಾಡ್ತಾ ಇಲ್ಲ. ಅದೇ ತಡ್ಕೊಳ್ಳೋಕೆ ಆಗ್ತಿಲ್ಲ."

ಚಾಚಿದ ತೋಳನ್ನು ನಾನು ಹಿಂದೆ ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ಕಣ್ಣು ಮುಚ್ಚಿದ. ಮಾತಾಡಿದ್ದು ನನ್ನೊಂದಿಗಲ್ಲ.

"ಯೇಸಪ್ಪಾ, ನನ್ನ ಹತ್ರ ಕೊಡೋಕೆ ಏನೂ ಇಲ್ಲ. ಒಂದು ಬೆನ್ನಿತ್ತು, ಅದೂ ಮುರೀತು. ಅವಳು ನಿನ್ನೋಳು. ಮೊದಲಿಂದ್ಲೂ ನಿನ್ನೋಳೇ. ನೀನೇ ನೋಡ್ಕೋ."

ಪಟ್ಟಿಯ ಮೇಲಿನ ಕೈ ಬಿಚ್ಚಿಕೊಂಡಿತು. ಮೊದಲು ಹೆಬ್ಬೆರಳು, ಆಮೇಲೆ ಉಳಿದವು. ಬಿಚ್ಚಿದ ಕೈಯನ್ನು ಹಾಸಿಗೆಯ ಮೇಲೆ ಅಂಗಾತ ಇಟ್ಟ. ಮುದುರಿಯೇ ಅಭ್ಯಾಸವಾದ ಮೊಣಕಾಲುಗಳನ್ನು ಒಂದೊಂದಾಗಿ, ನೋಯುತ್ತಾ, ಚಾಚಿದ. ಪೂರ್ತಿ ಚಾಚಿದ. ಹಾಸಿಗೆ ಇನ್ನೂ ಉಳಿದಿತ್ತು.

ಆಮೇಲೆ ನಿದ್ದೆ ಹೋದ. ಗೊರಕೆ ಹೊಡೆದು ನಿದ್ದೆ ಹೋದ.

ಮಗಳಿಗೆ ಜ್ವರ ಇಳಿದಿದೆ, ಹೊಟ್ಟೆಯ ಕೂಸಿಗೆ ಏನೂ ಆಗಿಲ್ಲ ಎಂಬ ಸುದ್ದಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಕೈ ಬಿಟ್ಟದ್ದು ಮೊದಲು, ಸುದ್ದಿ ಆಮೇಲೆ. ಈ ಕಥೆ ಹೇಳುವವರು ಇದನ್ನು ತಿರುಗಿಸಿ ಹೇಳಬಾರದು. ಅವನು ಹಾಸಿಗೆಯಲ್ಲಿ ಉಳಿದದ್ದರಿಂದ ಮಗಳು ಉಳಿದಳು ಎಂದು ಬೀದಿಯಲ್ಲಿ ಯಾರೋ ಹೇಳಹೊರಟರು. ಅದು ಹಳೆಯ ಹರಕೆಗೇ ಹೊಸ ಅಂಗಿ ತೊಡಿಸಿದಂತೆ ಎಂದು ನಾನು ಗದರಿಸಿದೆ. ಜ್ವರ ಏರಿದ್ದರೂ ಅವಳು ದೇವರ ಅದೇ ಕೈಯಲ್ಲಿ ಇರುತ್ತಿದ್ದಳು. ಅದನ್ನು ತಿಳಿದೇ ಅವನು ಕೈ ಬಿಟ್ಟದ್ದು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಕೇಳಿ ಬೆಳೆದವರು ನಾವು, ಆ ಗಾದೆಯನ್ನು ನಾನು ತಳ್ಳುವುದಿಲ್ಲ. ನನ್ನ ಕೈ ಇಂದಿಗೂ ಮರದ ಪುಡಿಯಲ್ಲೇ ಇದೆ. ಆದರೆ ಸೋಮಾರಿಯೊಬ್ಬ ಮೈ ಚೆಲ್ಲಿ ಮಲಗಿದರೆ ಅದೇನು ಸಾಹಸ? ಹಗಲಿರುಳು ದುಡಿದು, ದುಡಿಮೆಯಿಂದಲೇ ದೇವರನ್ನೂ ಒಲಿಸಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದವನು, ತನ್ನ ಪ್ರಾಣಕ್ಕಿಂತ ಹೆಚ್ಚಿನವಳು ಆಸ್ಪತ್ರೆಯಲ್ಲಿರುವಾಗ, ಬರಿಗೈಯಲ್ಲಿ ಮಲಗಿದನಲ್ಲ, ಅಂಥ ಗಟ್ಟಿ ಕೆಲಸವನ್ನು ನಮ್ಮ ಬೀದಿಯಲ್ಲಿ ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ.

ಹುಣ್ಣು ಮಾಯಲು ಕಾಲ ಹಿಡಿಯಿತು. ಕೋಲು ಹಿಡಿದು ನಡೆಯುವಷ್ಟಾದ. ಏಣಿ ಹತ್ತಲು ಸೂಜಿಯಕ್ಕ ಬಿಡಲಿಲ್ಲ. ಏಣಿಯನ್ನೇ ನನ್ನ ಅಂಗಡಿಗೆ ಸಾಗಿಸಿದಳು. ಚಳಿಗಾಲದ ಮುಂಚೆ ಇಲ್ಲದವರಿಗೆ ಹಾಸಿಗೆ ಕೊಡುವುದನ್ನು ಬಿಡಲಿಲ್ಲ, ಮೊದಲಿಗಿಂತ ಹೆಚ್ಚೇ ಹೊಲಿಸಿದ. ಬದಲಾದದ್ದು ಒಂದೇ: ಕೈಮುಗಿದವರಿಂದ ಓಡುತ್ತಿರಲಿಲ್ಲ. ಅವರ ಮನೆಯಲ್ಲಿ ಕೂತು, ನೀರು ಕೇಳಿ ಕುಡಿದು, ಮಲಗಿ ತೋರಿಸಿ ಎಂದು ಹಾಸಿಗೆ ಹಾಸಿ, ಹರಟೆ ಹೊಡೆದು ಬರುತ್ತಿದ್ದ. ಕೊಡುವಾಗ ಹೆದರಿಕೆ ಇಲ್ಲದಿದ್ದರೆ ಮನುಷ್ಯ ಎಷ್ಟು ಹಗುರಾಗುತ್ತಾನೆ ಎಂದು ಅವನ ನಡಿಗೆ ನೋಡಿ ತಿಳಿದೆ, ಕೋಲು ಊರಿದ ನಡಿಗೆಯಾದರೂ.

ಗುಬ್ಬಿಗೆ ಗಂಡುಕೂಸು ಹುಟ್ಟಿತು. ಮೊದಲ ಸಲ ಅಂಗಡಿಗೆ ತಂದಾಗ ನಾನೂ ಹೋದೆ. ಹತ್ತಿಯಣ್ಣ ಆ ಅಳತೆ ಮೀರಿದ ಹಾಸಿಗೆಯ ಮೇಲೆ ಮಲಗಿದ್ದ. ಅವನ ಕಾಲಿನಾಚೆ ಉಳಿದಿದ್ದ ಜಾಗದಲ್ಲಿ, ಅಡ್ಡಲಾಗಿ, ಗುಬ್ಬಿ ಮಗುವನ್ನು ಮಲಗಿಸಿದಳು. ಅಲ್ಲಿಗೆ ಸರಿಯಾಗಿ ಹಿಡಿಸಿತು. ಮಗು ಕೈಕಾಲು ಎತ್ತ ಬಿದ್ದವೋ ಅತ್ತ ಬಿಟ್ಟು, ಅಷ್ಟು ಸಣ್ಣ ಮೈಯ ತೂಕವನ್ನೆಲ್ಲ ಹಾಸಿಗೆಗೆ ಕೊಟ್ಟು, ತಕ್ಷಣವೇ ಹೊಸ ಬಟ್ಟೆಯ ಮೇಲೆ ಉಚ್ಚೆ ಹೊಯ್ದಿತು. ಸೂಜಿಯಕ್ಕ ಅಯ್ಯೋ ಎಂದು ಬಟ್ಟೆ ತರಲು ಓಡಿದಳು. ಹತ್ತಿಯಣ್ಣ ಹೊಟ್ಟೆ ಹಿಡಿದು ನಕ್ಕ.

"ಇರಲಿ ಬಿಡೇ" ಎಂದ. "ಹೇಗೆ ಮಲಗಬೇಕು ಅಂತ ನಮ್ಮನೇಲಿ ಹೇಳಿಕೊಡದೇ ಗೊತ್ತಿರೋನು ಇವನೊಬ್ನೇ."